2010ರ ಬೇಸ್‌ಬಾಲ್ ಸೀಸನ್: ಅಂಪೈರ್ ತೀರ್ಪು, ಮೈಲಿಗಲ್ಲು, ಅಭಿಮಾನಿಗಳ ಸಿಟ್ಟು ಮತ್ತು ಚಪ್ಪಾಳೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡಲು ಶುರು ಮಾಡಿದ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅಂಪೈರ್‌ಗಳ ಬಗ್ಗೆಯೇ ಇರುತ್ತವೆ. ಉತ್ತರ ಹುಡುಕುತ್ತಾ ಹೋದರೆ ಮಾತು 2010ಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಆ ಒಂದು ಸೀಸನ್ನಿನ ಬಗ್ಗೆ ಜನ ಕೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

2010ರಲ್ಲಿ ಅಂಥ ವಿಶೇಷ ಏನಿತ್ತು?

ಅದು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ವರ್ಷ. ಏಪ್ರಿಲ್ 17ಕ್ಕೆ ಕೊಲರಾಡೊ ತಂಡದ ಉಬಾಲ್ಡೊ ಹಿಮೆನೆಸ್ ಎದುರಾಳಿಗೆ ಒಂದೂ ಹಿಟ್ (ಬ್ಯಾಟರ್ ಬೇಸ್ ತಲುಪುವಂಥ ಹೊಡೆತ) ಕೊಡದೆ ಪಂದ್ಯ ಮುಗಿಸಿದರು. ಮೇ 9ಕ್ಕೆ ಓಕ್ಲೆಂಡಿನ ಡಲ್ಲಸ್ ಬ್ರೇಡನ್ ಪರ್ಫೆಕ್ಟ್ ಗೇಮ್ ಎಸೆದರು. ಮೇ 29ಕ್ಕೆ ಫಿಲಡೆಲ್ಫಿಯಾದ ರಾಯ್ ಹ್ಯಾಲಡೆ ಇನ್ನೊಂದು. 1880ರ ನಂತರ ಒಂದೇ ಸೀಸನ್ನಿನಲ್ಲಿ ಎರಡು ಪರ್ಫೆಕ್ಟ್ ಗೇಮ್ ಯಾರೂ ಕಂಡಿರಲಿಲ್ಲ. ಅದಾಗಿ ನಾಲ್ಕೇ ದಿನಕ್ಕೆ, ಜೂನ್ 2ರಂದು, ಡೆಟ್ರಾಯ್ಟಿನಲ್ಲಿ ಮೂರನೆಯದು ಆಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಈ ಪುಟದ ಮುಖ್ಯ ವಿಷಯ.

ಬ್ರೇಡನ್ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವತ್ತು ಅಮೆರಿಕದಲ್ಲಿ ಅಮ್ಮಂದಿರ ದಿನ. ಬ್ರೇಡನ್ ಹೈಸ್ಕೂಲಿನಲ್ಲಿದ್ದಾಗಲೇ ತಾಯಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ನೋಡಿಕೊಂಡಿದ್ದು ಅಜ್ಜಿ. ಆ ಅಜ್ಜಿ ಅವತ್ತು ಸ್ಟೇಡಿಯಂನಲ್ಲೇ ಇದ್ದರು. ಕೊನೆಯ ಔಟ್ ಆದ ಮೇಲೆ ಮೈದಾನದಲ್ಲೇ ಮೊಮ್ಮಗನನ್ನು ತಬ್ಬಿಕೊಂಡರು. ಓಕ್ಲೆಂಡ್ ಜನ ಅದನ್ನು ಇವತ್ತಿಗೂ ಮರೆತಿಲ್ಲ.

ನನಗೆ ಕ್ರಿಕೆಟ್ ಮಾತ್ರ ಗೊತ್ತು. ಪರ್ಫೆಕ್ಟ್ ಗೇಮ್ ಅಂದರೆ ಏನು? ಎಷ್ಟು ದೊಡ್ಡದು?

ಒಂದು ಪಂದ್ಯಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲಿ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. ಒಟ್ಟು 27 ಔಟ್. ಒಬ್ಬನೇ ಪಿಚರ್ ಬರುವ 27 ಬ್ಯಾಟರ್‌ಗಳನ್ನೂ ಸಾಲಾಗಿ ಔಟ್ ಮಾಡಿ, ಒಬ್ಬನನ್ನೂ ಬೇಸ್ (ರನ್‌ಗಾಗಿ ಓಡಿ ಮುಟ್ಟಬೇಕಾದ ಗುರುತು) ಮುಟ್ಟಲು ಬಿಡದಿದ್ದರೆ ಅದು ಪರ್ಫೆಕ್ಟ್ ಗೇಮ್. ಹಿಟ್ ಕೊಡಬಾರದು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಕೊಡಬಾರದು, ಫೀಲ್ಡರ್ ಕೂಡ ಎಡವಬಾರದು. ಹಿಟ್ ಮಾತ್ರ ಕೊಡದಿದ್ದರೆ ಅದು ನೋ-ಹಿಟ್ಟರ್. ಅದೂ ದೊಡ್ಡದೇ, ಆದರೆ ಒಂದು ಮೆಟ್ಟಿಲು ಕೆಳಗೆ.

ಒಂದು ಸೀಸನ್ನಿಗೆ 2,430 ಲೀಗ್ ಪಂದ್ಯ ನಡೆಯುತ್ತವೆ. 130 ವರ್ಷದ ಲೆಕ್ಕ ಹಾಕಿದರೂ 2010ರ ಮೇ ಕೊನೆಗೆ ಪರ್ಫೆಕ್ಟ್ ಗೇಮ್ ಆಗಿದ್ದು 20 ಮಾತ್ರ.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ 1999ರ ಫೆಬ್ರವರಿ 7, ದಿಲ್ಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ 74 ರನ್‌ಗೆ 10 ವಿಕೆಟ್ ತೆಗೆದ ದಿನ. 9 ಬಿದ್ದ ಮೇಲೆ ಆ ಕಡೆಯಿಂದ ಜಾವಗಲ್ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದ್ದು ನೆನಪಿದೆ ಅಲ್ವಾ? ತಂಡದವರೆಲ್ಲ ಉಸಿರು ಬಿಗಿಹಿಡಿದು ಒಬ್ಬನಿಗಾಗಿ ಕಾಯುವುದು ಅಂದರೆ ಅದು. ಅವತ್ತು ಕುಂಬ್ಳೆ ಬೌಲ್ ಮಾಡುತ್ತಿದ್ದ ತುದಿಯಲ್ಲಿ ನಿಂತಿದ್ದ ಅಂಪೈರ್ ನಮ್ಮ ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶ್. ಒಂಬತ್ತು ವಿಕೆಟ್ ಆದ ಮೇಲೆ ಹತ್ತನೆಯದು ಎಲ್ಲರ ಕಣ್ಣೆದುರು ಸ್ಪಷ್ಟವಾಗಿ ಔಟ್ ಆಗಿದ್ದು, ಅಂಪೈರ್ ನಾಟ್‌ಔಟ್ ಅಂದಿದ್ದರೆ? ಡೆಟ್ರಾಯ್ಟ್ ಜನಕ್ಕೆ ಆಗಿದ್ದು ಅದೇ.

ಜೂನ್ 2ರ ರಾತ್ರಿ ಸರಿಯಾಗಿ ಏನಾಯ್ತು?

ಡೆಟ್ರಾಯ್ಟ್ ಟೈಗರ್ಸ್ ಮತ್ತು ಕ್ಲೀವ್‌ಲೆಂಡ್ ಮಧ್ಯೆ ಕೊಮೆರಿಕಾ ಪಾರ್ಕ್‌ನಲ್ಲಿ ಪಂದ್ಯ. ಪಿಚರ್ ವೆನಿಜುವೆಲಾದ ಅರ್ಮಾಂಡೊ ಗಲರಾಗ. ದೊಡ್ಡ ಹೆಸರೇನಲ್ಲ. ಮೇ ತಿಂಗಳಲ್ಲಷ್ಟೇ ಅವರನ್ನು ಕೆಳಗಿನ ಲೀಗಿನ ಟೊಲಿಡೊ ತಂಡದಿಂದ ಮೇಲಕ್ಕೆ ಕರೆಸಿಕೊಂಡಿದ್ದರು. ಅಂಥವರು ಅವತ್ತು 24 ಜನರನ್ನು ಸಾಲಾಗಿ ಔಟ್ ಮಾಡಿ ಒಂಬತ್ತನೇ ಇನಿಂಗ್ಸ್‌ಗೆ ಬಂದರು.

ಮೊದಲ ಬ್ಯಾಟರ್ ಮಾರ್ಕ್ ಗ್ರುಡ್ಜಿಲೇನಕ್ ಚೆಂಡನ್ನು ಮೈದಾನದ ಆಳಕ್ಕೆ ಬಾರಿಸಿದರು. ಇಲ್ಲಿಗೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು. ಸೆಂಟರ್ ಫೀಲ್ಡರ್ ಆಸ್ಟಿನ್ ಜಾಕ್ಸನ್ ಆಗ ಹೊಸ ಹುಡುಗ. ಬ್ಯಾಟರ್‌ಗೆ ಬೆನ್ನು ಹಾಕಿ ಓಡಿದರು. ಓಡುತ್ತಲೇ ಇದ್ದರು. ಗೋಡೆ ಹತ್ತಿರ ಬಂದಾಗ ಭುಜದ ಮೇಲಿಂದ ಇಳಿದ ಚೆಂಡು ಗ್ಲೌಸ್‌ಗೆ ಬಿತ್ತು. ಇಂಥ ಕ್ಯಾಚ್ ಆದ ಮೇಲೆ ಪರ್ಫೆಕ್ಟ್ ಗೇಮ್ ಆಗದೇ ಇರಲು ಸಾಧ್ಯವೇ ಇಲ್ಲ ಅನ್ನಿಸಿತು. ಎರಡನೆಯವರು ಸುಲಭವಾಗಿ ಔಟ್ ಆದರು. 26 ಆಯ್ತು.

27ನೆಯವರು ಜೇಸನ್ ಡೊನಾಲ್ಡ್. ನೆಲದ ಮೇಲೆ ಉರುಳುವ ಹೊಡೆತ, ಮೊದಲ ಮತ್ತು ಎರಡನೇ ಬೇಸ್ ನಡುವೆ. ಫಸ್ಟ್ ಬೇಸಿನ ಮಿಗೆಲ್ ಕಬ್ರೇರಾ ಬಲಕ್ಕೆ ಓಡಿ ಹಿಡಿದರು. ಗಲರಾಗ ತಾವೇ ಓಡಿ ಹೋಗಿ ಬೇಸ್ ಮೇಲೆ ಕಾಲಿಟ್ಟರು. ಕಬ್ರೇರಾ ಎಸೆತ ಅವರ ಗ್ಲೌಸ್ ಸೇರಿತು. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದೆ, ಅಂದರೆ ಔಟ್. ಕಬ್ರೇರಾ ಆಗಲೇ ಕೈ ಮೇಲೆತ್ತಿದ್ದರು. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿ ಸೇಫ್, ಅಂದರೆ ನಾಟ್‌ಔಟ್, ಅಂದರು.

ಗಲರಾಗ ಏನು ಮಾಡಿದರು ಗೊತ್ತಾ? ನಕ್ಕರು. ಕೂಗಾಡಲಿಲ್ಲ, ಗ್ಲೌಸ್ ಎಸೆಯಲಿಲ್ಲ. ಜಾಯ್ಸ್ ಕಡೆ ನೋಡಿ ಸಣ್ಣಗೆ ನಕ್ಕು, ಚೆಂಡು ಹಿಡಿದುಕೊಂಡು ತಮ್ಮ ಜಾಗಕ್ಕೆ ನಡೆದರು. ಮುಂದಿನ ಬ್ಯಾಟರ್ ಟ್ರೆವರ್ ಕ್ರೋ ಅವರನ್ನು ಔಟ್ ಮಾಡಿದರು. 3-0 ಗೆಲುವು, 88 ಎಸೆತ, 1 ಗಂಟೆ 44 ನಿಮಿಷ. ಆ ಪಂದ್ಯವನ್ನು ಅಮೆರಿಕದಲ್ಲಿ ಈಗಲೂ 28 ಔಟ್‌ಗಳ ಪರ್ಫೆಕ್ಟ್ ಗೇಮ್ ಅಂತಲೇ ಕರೆಯುತ್ತಾರೆ.

ಹಾಗಾದರೆ ಜಾಯ್ಸ್ ಕೆಟ್ಟ ಅಂಪೈರಾ?

ಇಲ್ಲ. ಅದೇ ತಿಂಗಳು ಇಎಸ್‌ಪಿಎನ್ 100 ಆಟಗಾರರನ್ನು ಗುಟ್ಟಾಗಿ ಕೇಳಿದಾಗ ಅತ್ಯುತ್ತಮ ಅಂಪೈರ್ ಅಂತ ಜಾಸ್ತಿ ಜನ ಹೇಳಿದ್ದು ಜಾಯ್ಸ್ ಹೆಸರನ್ನೇ. ಕೇಳಿದ್ದು ಈ ಘಟನೆ ಆದ ಮೇಲೆ ಅನ್ನುವುದು ಗಮನಿಸಿ.

ಡೆಟ್ರಾಯ್ಟ್ ಅಭಿಮಾನಿಗಳು ಅದನ್ನು ಹೇಗೆ ತೆಗೆದುಕೊಂಡರು?

ಮೊದಲ ಕೆಲವು ಗಂಟೆ ಬೆಂಕಿಯೇ. ಸ್ಟೇಡಿಯಂನಲ್ಲಿ ಬೂ ಬೂ ಕೂಗು ನಿಲ್ಲಲೇ ಇಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರೇ ಜಾಯ್ಸ್‌ರನ್ನು ಸುತ್ತುವರಿದರು. ಮ್ಯಾನೇಜರ್ ಜಿಮ್ ಲೇಲಂಡ್ ಕೂಡ ಮುಖಕ್ಕೆ ಮುಖ ಕೊಟ್ಟು ಬೈದರು. ಜಾಯ್ಸ್ ಮನೆಯವರಿಗೆ ಬೆದರಿಕೆಗಳೂ ಹೋದವು.

ಆಮೇಲೆ ಜಾಯ್ಸ್ ತಮ್ಮ ಕೋಣೆಗೆ ಹೋಗಿ ರಿಪ್ಲೇ ನೋಡಿದರು. ಪತ್ರಕರ್ತರು ಬಂದಾಗ ಬಾಗಿಲು ಹಾಕಿಕೊಳ್ಳಲಿಲ್ಲ. ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯ್ತು ಅಂತ ನೇರವಾಗಿ ಹೇಳಿದರು. ಕೋನ ಸರಿ ಇರಲಿಲ್ಲ, ಬೆಳಕು ಕಡಿಮೆ ಇತ್ತು ಅಂತ ಒಂದು ನೆಪವನ್ನೂ ಹುಡುಕಲಿಲ್ಲ. ಗಲರಾಗ ಅವರನ್ನು ಕರೆಸಿ, ಅಳುತ್ತಾ ಕ್ಷಮೆ ಕೇಳಿ, ತಬ್ಬಿಕೊಂಡರು. ಯಾರೂ ಪರ್ಫೆಕ್ಟ್ ಅಲ್ಲ ಅಂತ ಗಲರಾಗ ಆಮೇಲೆ ಪತ್ರಕರ್ತರಿಗೆ ಹೇಳಿದರು. ಆ ಮಾತು ಹೇಳುವ ಹಕ್ಕು ಆ ರಾತ್ರಿ ಅವರಿಗೆ ಇದ್ದಷ್ಟು ಬೇರೆ ಯಾರಿಗೂ ಇರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅದೇ ಎರಡು ತಂಡ, ಅದೇ ಮೈದಾನ. ಸರದಿ ಪ್ರಕಾರ ಜಾಯ್ಸ್ ಅವತ್ತು ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ ನಿಲ್ಲಬೇಕಿತ್ತು. ಬೇಡ ಅಂದರೆ ರಜೆ ತಗೊಳ್ಳಿ ಅಂತ ಲೀಗ್ ಹೇಳಿತ್ತು. ಅವರು ಬಂದರು. ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಸಾಮಾನ್ಯವಾಗಿ ಮ್ಯಾನೇಜರ್ ಕೆಲಸ. ಲೇಲಂಡ್ ಅವತ್ತು ಗಲರಾಗ ಅವರನ್ನು ಕಳಿಸಿದರು. ಹಿಂದಿನ ರಾತ್ರಿ ಬೈದ ಅದೇ ಲೇಲಂಡ್! ಪಟ್ಟಿ ಕೈಗೆ ಬರುವಾಗ ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಾಯಲ್ಲಿ ಮಾತು ಹೊರಡಲಿಲ್ಲ. ಗಲರಾಗ ಭುಜವನ್ನು ಮೆಲ್ಲಗೆ ತಟ್ಟಿ ಕಳಿಸಿದರು. ಸ್ಟೇಡಿಯಂನಲ್ಲಿ ಒಂದಿಷ್ಟು ಬೂ ಇತ್ತು. ಚಪ್ಪಾಳೆಯೇ ಜಾಸ್ತಿ.

ನನ್ನ ಅಭಿಪ್ರಾಯದಲ್ಲಿ ಆ ಸೀಸನ್ನಿನ ಅತಿ ದೊಡ್ಡ ಸಾಧನೆ ಆ ಚಪ್ಪಾಳೆ. ಅದೇ ವರ್ಷ ಮೇ 4ಕ್ಕೆ ಟೈಗರ್ಸ್‌ನ ಪ್ರೀತಿಯ ವೀಕ್ಷಕ ವಿವರಣೆಗಾರ ಅರ್ನಿ ಹಾರ್ವೆಲ್ ತೀರಿಕೊಂಡಿದ್ದರು. ಸಾವಿರಾರು ಜನ ಇದೇ ಸ್ಟೇಡಿಯಂನಲ್ಲಿ ಸಾಲು ನಿಂತು ಅಂತಿಮ ದರ್ಶನ ಪಡೆದಿದ್ದರು. ಕಾರು ಕಂಪನಿಗಳು ನೆಲಕಚ್ಚಿ ಊರು ಕಷ್ಟದಲ್ಲಿದ್ದ ಕಾಲವೂ ಅದೇ. ಅಂಥ ಊರಿನವರು ತಮಗೆ ಅನ್ಯಾಯ ಮಾಡಿದ ಮನುಷ್ಯನಿಗೆ ಒಂದೇ ದಿನದಲ್ಲಿ ಚಪ್ಪಾಳೆ ಹೊಡೆದರು.

ತೀರ್ಪು ತಪ್ಪು ಅಂತ ಅಂಪೈರೇ ಒಪ್ಪಿಕೊಂಡ ಮೇಲೂ ಯಾಕೆ ಬದಲಿಸಲಿಲ್ಲ?

ಆಗಿನ ಕಮಿಷನರ್ ಬಡ್ ಸೀಲಿಗ್ ಒಪ್ಪಲಿಲ್ಲ. ಒಂದನ್ನು ಬದಲಿಸಿದರೆ ಹಳೆಯ ತಪ್ಪುಗಳೆಲ್ಲ ಎದ್ದು ಬರುತ್ತವೆ ಅನ್ನುವುದು ಬದಲಿಸಬಾರದು ಅನ್ನುವವರ ವಾದ. ಉದಾಹರಣೆಗೆ 1985ರ ವರ್ಲ್ಡ್ ಸೀರೀಸ್ (ಸೀಸನ್ನಿನ ಫೈನಲ್ ಸರಣಿ) ಆರನೇ ಪಂದ್ಯ. ಡಾನ್ ಡೆಂಕಿಂಗರ್ ಫಸ್ಟ್ ಬೇಸಿನಲ್ಲಿ ಹೀಗೇ ತಪ್ಪು ಸೇಫ್ ಕೊಟ್ಟಿದ್ದರು. ಸೇಂಟ್ ಲೂಯಿಸ್ ಕೈಗೆ ಬಂದಿದ್ದ ಪಂದ್ಯ ಸೋತಿತು, ಮಾರನೇ ದಿನ ಸೀರೀಸನ್ನೂ ಸೋತಿತು. ಅದನ್ನೂ ತಿದ್ದುತ್ತೀರಾ ಅಂತ ಕೇಳುತ್ತಾರೆ.

ನನಗೆ ಈ ವಾದ ಒಪ್ಪಿಗೆ ಇಲ್ಲ. 1985ರಲ್ಲಿ ಆ ತೀರ್ಪಿನ ನಂತರ ಆಟ ಬೇರೆ ದಾರಿ ಹಿಡಿಯಿತು, ಅದನ್ನು ವಾಪಸ್ ತರಲು ಆಗುವುದಿಲ್ಲ. ಡೆಟ್ರಾಯ್ಟಿನಲ್ಲಿ ಅದು ಕೊನೆಯ ಔಟ್. ತಿದ್ದಿದರೆ ಅಳಿಸಬೇಕಾದದ್ದು ಡೊನಾಲ್ಡ್ ಹೆಸರಿನ ಒಂದು ಹಿಟ್, ಕ್ರೋ ಅವರ ಒಂದು ಔಟ್. ಅಷ್ಟೇ. ಗೆದ್ದವರು ಗೆದ್ದವರೇ, ಸೋತವರು ಸೋತವರೇ. ಯಾರಿಗೂ ನಷ್ಟವಿಲ್ಲದ ತಿದ್ದುಪಡಿ ಅದು.

ಮಿಶಿಗನ್ ರಾಜ್ಯದ ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಮಾತ್ರ ಇದು ಪರ್ಫೆಕ್ಟ್ ಗೇಮೇ ಅಂತ ಸರ್ಕಾರಿ ಘೋಷಣೆ ಹೊರಡಿಸಿದರು. ದಾಖಲೆ ಪುಸ್ತಕಕ್ಕೆ ಅದು ಲೆಕ್ಕಕ್ಕಿಲ್ಲ. ಗಲರಾಗ ಅವರಿಗೆ ಮಾರನೇ ದಿನ ಒಂದು ಶೆವರ್ಲೆ ಕಾರ್ವೆಟ್ ಕಾರು ಉಡುಗೊರೆ ಸಿಕ್ಕಿತು.

ಎಲ್ಲ ಅಂಪೈರ್‌ಗಳನ್ನೂ ಜನ ಹೀಗೇ ಕ್ಷಮಿಸಿದರಾ?

ಎಲ್ಲಿ ಬಂತು. ಒಂದು ವಾರ ಹಿಂದೆ ಹೋಗಿ. ಮೇ 26, ಕ್ಲೀವ್‌ಲೆಂಡ್. ಶಿಕಾಗೊ ವೈಟ್ ಸಾಕ್ಸ್‌ನ ಮಾರ್ಕ್ ಬ್ಯೂರ್ಲಿ ಪಿಚ್ ಮಾಡುತ್ತಿದ್ದರು. ಅಂಪೈರ್ ಜೋ ವೆಸ್ಟ್ ಅವರ ಮೇಲೆ ಎರಡು ಬಾಲ್ಕ್ ಕರೆದರು. ಪಿಚರ್ ರನ್ನರ್‌ನನ್ನು ಮೋಸಗೊಳಿಸುವ ಹಾಗೆ ಮೈ ಆಡಿಸಿದ ಅನ್ನುವ ತಪ್ಪು ಅದು. ಮೊದಲನೆಯದಕ್ಕೆ ಜಗಳಕ್ಕೆ ಬಂದ ಮ್ಯಾನೇಜರ್ ಓಜಿ ಗಿಯೆನ್ ಹೊರಗೆ. ಎರಡನೆಯದಕ್ಕೆ ಗ್ಲೌಸ್ ನೆಲಕ್ಕೆ ಬಿಟ್ಟ ಬ್ಯೂರ್ಲಿಯೂ ಹೊರಗೆ.

ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ವೆಸ್ಟ್ ಇನ್ನೊಂದು ಮಾತಾಡಿದ್ದರು. ಯಾಂಕೀಸ್ ಮತ್ತು ರೆಡ್ ಸಾಕ್ಸ್ ಆಡುವ ನಿಧಾನ ಗತಿ ನಾಚಿಕೆಗೇಡು ಅಂತ ಪತ್ರಿಕೆಗೆ ಹೇಳಿದ್ದರು. ಆ ಮಾತಿನಲ್ಲಿ ನಿಜ ಇತ್ತು. ಒಂದೊಂದು ಪಂದ್ಯ ಮೂರೂವರೆ, ನಾಲ್ಕು ಗಂಟೆ ಎಳೆಯುತ್ತಿತ್ತು. ಆದರೂ ಅಭಿಮಾನಿಗಳಿಗೆ ಹಿಡಿಸಲಿಲ್ಲ. ಟಿಕೆಟ್ ಕೊಟ್ಟು ಬಂದಿದ್ದು ಆಟ ನೋಡಲು, ಅಂಪೈರ್ ನೋಡಲಿಕ್ಕಲ್ಲ ಅನ್ನುವುದು ಅವರ ಸಿಟ್ಟು. ವೆಸ್ಟ್ ಸೋಮಾರಿ ಅಂಪೈರ್ ಖಂಡಿತ ಅಲ್ಲ. ಮುಂದೆ 2021ರಲ್ಲಿ ಎಲ್ಲರಿಗಿಂತ ಜಾಸ್ತಿ ಪಂದ್ಯಗಳಿಗೆ ಅಂಪೈರ್ ಆದ ದಾಖಲೆ ಅವರದೇ ಆಯಿತು. ಆದರೆ ವೆಸ್ಟ್ ಕರೆದ ಬಾಲ್ಕ್‌ಗಳಿಗಿಂತ ಜಾಯ್ಸ್ ಮಾಡಿದ ತಪ್ಪು ನೂರು ಪಾಲು ದೊಡ್ಡದು. ಜನ ಪ್ರೀತಿಯಿಂದ ನೆನೆಸಿಕೊಳ್ಳುವುದು ಜಾಯ್ಸ್‌ರನ್ನು. ತಪ್ಪಿನ ಗಾತ್ರವನ್ನು ಜನ ಬೇಗ ಮರೆಯುತ್ತಾರೆ. ತಪ್ಪಾದ ಮೇಲೆ ಹೇಗೆ ನಡೆದುಕೊಂಡರು ಅನ್ನುವುದನ್ನು ಮರೆಯುವುದಿಲ್ಲ.

ಆಟಗಾರನೇ ಅಂಪೈರ್‌ಗೆ ಟೋಪಿ ಹಾಕಿದರೆ?

ಅದೂ ಆ ವರ್ಷ ಆಯ್ತು. ಸೆಪ್ಟೆಂಬರ್ 15, ಟ್ಯಾಂಪಾ ಬೇ ಮೈದಾನ. ಯಾಂಕೀಸ್ ನಾಯಕ ಡೆರೆಕ್ ಜೀಟರ್ ಕಡೆಗೆ ಬಂದ ಚೆಂಡು ಬ್ಯಾಟಿನ ಹಿಡಿಯ ತುದಿಗೆ ಬಡಿಯಿತು. ಜೀಟರ್ ಕೈಗೇ ಬಿದ್ದವರಂತೆ ನೋವಿನಿಂದ ಬಗ್ಗಿದರು. ತಂಡದ ಟ್ರೇನರ್ ಓಡಿ ಬಂದರು. ಎಸೆತ ಮೈಗೆ ಬಡಿದರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಪುಕ್ಕಟೆ; ಅಂಪೈರ್ ನಂಬಿ ಕೊಟ್ಟರು. ವಾದಕ್ಕೆ ಬಂದ ಟ್ಯಾಂಪಾ ಮ್ಯಾನೇಜರ್ ಜೋ ಮ್ಯಾಡನ್ ಅವರನ್ನೇ ಹೊರಗೆ ಕಳಿಸಿದರು. ಮುಂದಿನ ಬ್ಯಾಟರ್ ಕರ್ಟಿಸ್ ಗ್ರ್ಯಾಂಡರ್ಸನ್ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದರು. ಚೆಂಡು ಬ್ಯಾಟಿಗೆ ಬಿದ್ದಿದ್ದು ಅಂತ ಪಂದ್ಯದ ನಂತರ ಜೀಟರ್ ಒಪ್ಪಿಕೊಂಡರು. ಬೇಸ್ ತಲುಪುವುದು ನನ್ನ ಕೆಲಸ ಅಂದರು.

ಅಭಿಮಾನಿಗಳು ಎರಡು ಭಾಗವಾದರು. ಚಾಣಾಕ್ಷತನ ಅಂದವರು ಒಂದು ಕಡೆ, ಮೋಸ ಅಂದವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಬ್ಯಾಟಿಗೆ ತಾಗಿದ್ದೂ ತಾಗಿಲ್ಲ ಅಂತ ನಿಂತುಕೊಳ್ಳುವ ಕ್ರಿಕೆಟಿಗನನ್ನು ಒಪ್ಪದವರು ಇದನ್ನೂ ಒಪ್ಪಬಾರದು. ಅಂದ ಹಾಗೆ, ಅವತ್ತು ಡ್ಯಾನ್ ಜಾನ್ಸನ್ ಎರಡು ಹೋಮ್ ರನ್ ಹೊಡೆದು ಟ್ಯಾಂಪಾ 4-3ರಿಂದ ಗೆದ್ದಿತು.

ಪ್ಲೇಆಫ್‌ನಲ್ಲಿ ತಪ್ಪು ತೀರ್ಪಿನಿಂದ ಫಲಿತಾಂಶ ಬದಲಾಯ್ತಾ?

ಒಂದು ಪಂದ್ಯವಂತೂ ಬದಲಾಯ್ತು ಅನ್ನಬಹುದು. ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ಸರಣಿಯ ಮೊದಲ ಪಂದ್ಯ. ಜಯಂಟ್ಸ್‌ನ ಹೊಸ ಹುಡುಗ ಬಸ್ಟರ್ ಪೋಸಿ ಎರಡನೇ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ತಲುಪಲು, ಓಡಿದರು. ರಿಪ್ಲೇಯಲ್ಲಿ ಔಟ್, ಅಂಪೈರ್ ಲೆಕ್ಕದಲ್ಲಿ ಸೇಫ್. ಆಮೇಲೆ ಅದೇ ಪೋಸಿ ಓಡಿ ಬಂದು ರನ್ ಗಳಿಸಿದರು. ಪಂದ್ಯ ಮುಗಿದದ್ದು 1-0ರಲ್ಲಿ.

ಆದರೆ ಅವತ್ತು ಟಿಮ್ ಲಿನ್ಸಕಮ್ ಎರಡೇ ಹಿಟ್ ಕೊಟ್ಟು 14 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ್ದರು. ಅಟ್ಲಾಂಟಾ ರನ್ನೇ ಹೊಡೆಯದೆ ಗೆಲ್ಲುವುದು ಹೇಗೆ? ಬ್ರೇವ್ಸ್ ಮ್ಯಾನೇಜರ್ ಬಾಬಿ ಕಾಕ್ಸ್ ಅವರಿಗೆ ಅದೇ ಕೊನೆಯ ಸೀಸನ್. ಲೀಗ್ ಪಂದ್ಯಗಳಲ್ಲಿ 158 ಸಲ ಅಂಪೈರ್‌ಗಳಿಂದ ಹೊರಗೆ ಹಾಕಿಸಿಕೊಂಡ ದಾಖಲೆ ಅವರದು. ತಮ್ಮ ಆಟಗಾರ ಹೊರಗೆ ಹೋಗಬಾರದು ಅಂತ ತಾವೇ ಮುಂದೆ ಬಂದು ಜಗಳ ಆಡುತ್ತಿದ್ದರು. ಆ ಸರಣಿಯ ಎರಡನೇ ಪಂದ್ಯದಲ್ಲೂ ಅವರನ್ನು ಹೊರಗೆ ಕಳಿಸಿದರು.

ಗ್ರಿಫಿ ನಿವೃತ್ತಿ ಆಗಿದ್ದು ಅದೇ ದಿನವಾ?

ಹೌದು, ಜೂನ್ 2ರಂದೇ. ಕೆನ್ ಗ್ರಿಫಿ ಜೂನಿಯರ್ 630 ಹೋಮ್ ರನ್ ಹೊಡೆದವರು. 1990ರ ದಶಕದಲ್ಲಿ ಸಿಯಾಟಲ್‌ನಲ್ಲಿ ಬೇಸ್‌ಬಾಲ್ ಉಳಿದಿದ್ದೇ ಅವರಿಂದ ಅಂತ ಅಲ್ಲಿನವರು ಹೇಳುತ್ತಾರೆ. 40 ವಯಸ್ಸು, ಆ ಸೀಸನ್ನಿನಲ್ಲಿ ಒಂದೂ ಹೋಮ್ ರನ್ ಇಲ್ಲ. ವಿದಾಯದ ಪಂದ್ಯ ಕೇಳಲಿಲ್ಲ. ಒಂದು ಹೇಳಿಕೆ ಕೊಟ್ಟು ಕಾರು ಹತ್ತಿ ಮನೆ ಕಡೆ ಹೊರಟುಬಿಟ್ಟರು. ಬೇರೆ ಯಾವ ದಿನವಾಗಿದ್ದರೂ ದೇಶದ ಎಲ್ಲ ಪತ್ರಿಕೆಗಳ ಮೊದಲ ಸುದ್ದಿ ಅದೇ ಆಗುತ್ತಿತ್ತು. ಡೆಟ್ರಾಯ್ಟಿನ ಗಲಾಟೆಯಲ್ಲಿ ಮುಚ್ಚಿಹೋಯ್ತು. ಅವರ ಕಾಲದ ಎಷ್ಟೋ ದೊಡ್ಡ ಹೊಡೆತಗಾರರಿಗೆ ಅಂಟಿದ ಸ್ಟೆರಾಯ್ಡ್ ಕಳಂಕ ಅವರಿಗೆ ಅಂಟಲಿಲ್ಲ. 2016ರಲ್ಲಿ ಹಾಲ್ ಆಫ್ ಫೇಮ್‌ಗೆ (ಆಟದ ದಿಗ್ಗಜರ ಗೌರವ ಪಟ್ಟಿ) 99.3% ಮತ ಬಿತ್ತು.

ಎ-ರಾಡ್ 600ನೇ ಹೋಮ್ ರನ್ ಹೊಡೆದಾಗ ಜನ ಯಾಕೆ ಅಷ್ಟು ತಣ್ಣಗಿದ್ದರು?

ಎ-ರಾಡ್ ಅಂದರೆ ಯಾಂಕೀಸ್‌ನ ಅಲೆಕ್ಸ್ ರಾಡ್ರಿಗಸ್. ಆಗಸ್ಟ್ 4ಕ್ಕೆ ಆ ಗಡಿ ಮುಟ್ಟಿದರು. 599 ಆದ ಮೇಲೆ ಹನ್ನೆರಡು ಪಂದ್ಯ ಒದ್ದಾಡಿದರು. ಅವರ 500ನೆಯದೂ ಆಗಸ್ಟ್ 4ಕ್ಕೇ, 2007ರಲ್ಲಿ. 35 ವರ್ಷ 8 ದಿನದ ವಯಸ್ಸಿನಲ್ಲಿ 600 ಮುಟ್ಟಿದ ಅತಿ ಕಿರಿಯ ಆಟಗಾರ. ಯಾಂಕೀ ಸ್ಟೇಡಿಯಂನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ದೇಶದ ಉಳಿದ ಕಡೆ ಅಂಥ ಸಡಗರವೇನೂ ಇರಲಿಲ್ಲ.

ಕಾರಣ ಸರಳ. 2001ರಿಂದ 2003ರವರೆಗೆ ನಿಷೇಧಿತ ಔಷಧ ತೆಗೆದುಕೊಂಡಿದ್ದೆ ಅಂತ 2009ರಲ್ಲಿ ಅವರೇ ಒಪ್ಪಿದ್ದರು. ಒಪ್ಪಿದರೆ ಜನ ಕ್ಷಮಿಸುತ್ತಾರೆ ಅಂತ ಈಗಷ್ಟೇ ಹೇಳಿದಿರಲ್ಲ, ಇಲ್ಲಿ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಜಾಯ್ಸ್ ಒಪ್ಪಿದ್ದು ಅದೇ ರಾತ್ರಿ, ಯಾರೂ ಒತ್ತಾಯ ಮಾಡದೆ. ರಾಡ್ರಿಗಸ್ ಮೊದಲು ಟಿವಿಯಲ್ಲಿ ಇಲ್ಲ ಅಂದಿದ್ದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಹೌದು ಅಂದರು. ಈ ವ್ಯತ್ಯಾಸ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಆ ವರ್ಷದ ಬೇರೆ ಮೈಲಿಗಲ್ಲುಗಳು?

ಸೆಪ್ಟೆಂಬರ್ 7ಕ್ಕೆ ಮಿಲ್ವಾಕಿಯ ಟ್ರೆವರ್ ಹಾಫ್‌ಮನ್ 600ನೇ ಸೇವ್ ಪಡೆದರು. ಗೆಲ್ಲುತ್ತಿರುವ ಪಂದ್ಯವನ್ನು ಕೊನೆಯಲ್ಲಿ ಬಂದು ಕಾಪಾಡಿದರೆ ಸಿಗುವ ಲೆಕ್ಕ ಅದು. ಅಲ್ಲಿಗೆ ತಲುಪಿದ ಮೊದಲಿಗ ಅವರೇ. ಮಾರನೇ ವರ್ಷವೇ ಮರಿಯಾನೊ ರಿವೇರಾ ಅವರನ್ನು ದಾಟಿದರು.

ನನಗೆ ಬಹಳ ಇಷ್ಟದ ದಿನ ಸೆಪ್ಟೆಂಬರ್ 23, ಟೊರಾಂಟೊ. ಒಂದೇ ಪಂದ್ಯದಲ್ಲಿ ಎರಡು ಮೈಲಿಗಲ್ಲು. ಟೊರಾಂಟೊದ ಹೋಸೆ ಬಟೀಸ್ಟಾ 50ನೇ ಹೋಮ್ ರನ್ ಹೊಡೆದರು. ಸಿಯಾಟಲ್‌ನ ಇಚಿರೊ ಸುಜುಕಿ ಸತತ ಹತ್ತನೇ ವರ್ಷ 200 ಹಿಟ್ ಪೂರೈಸಿದರು. ಬೇರೆ ಊರಿನ ಆಟಗಾರನಿಗೆ ಟೊರಾಂಟೊ ಜನ ಎದ್ದು ನಿಂತು ಗೌರವ ಕೊಟ್ಟರು. ಪಂದ್ಯ 1-0, ಆ ಒಂದು ರನ್ ಬಟೀಸ್ಟಾ ಹೋಮ್ ರನ್ನೇ.

ಬಟೀಸ್ಟಾ ಅದಕ್ಕೆ ಮುಂಚೆ ಯಾವ ಸೀಸನ್ನಿನಲ್ಲೂ 16ಕ್ಕಿಂತ ಜಾಸ್ತಿ ಹೋಮ್ ರನ್ ಹೊಡೆದಿರಲಿಲ್ಲ. ಆ ವರ್ಷ 54. ಸಹಜವಾಗಿ ಔಷಧದ ಅನುಮಾನ ಎದ್ದಿತು. ಪುರಾವೆ ಏನೂ ಇರಲಿಲ್ಲ. ಬ್ಯಾಟ್ ಬೀಸುವುದನ್ನು ಸ್ವಲ್ಪ ಮುಂಚೆ ಶುರು ಮಾಡು ಅಂತ ಕೋಚ್‌ಗಳು 2009ರ ಕೊನೆಯಲ್ಲಿ ತಿದ್ದಿದ್ದರು, ಅದು ಫಲ ಕೊಟ್ಟಿತು. ಸುಮ್ನೆ ಅನುಮಾನ ಪಡುವುದು ಕೂಡ ಒಂದು ತಪ್ಪು ತೀರ್ಪೇ.

13 ಗೆದ್ದು 12 ಸೋತ ಪಿಚರ್‌ಗೆ ಅತ್ಯುತ್ತಮ ಪ್ರಶಸ್ತಿ ಯಾಕೆ?

ಫೆಲಿಕ್ಸ್ ಹೆರ್ನಾಂಡೆಸ್ ಸಿಯಾಟಲ್‌ನಲ್ಲಿ ಆಡುತ್ತಿದ್ದರು. ಆ ತಂಡ ಇಡೀ ಸೀಸನ್ನಿನಲ್ಲಿ ಹೊಡೆದಿದ್ದು 513 ರನ್, ಸೋತಿದ್ದು 101 ಪಂದ್ಯ. ಮೇಲೆ ಹೇಳಿದ ಟೊರಾಂಟೊ ಪಂದ್ಯದಲ್ಲಿ 1-0 ಸೋತ ಪಿಚರ್ ಕೂಡ ಅವರೇ. ಅವರ ಇಆರ್‌ಎ, ಅಂದರೆ 9 ಇನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ, 2.27. ತಂಡ ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಬೇಕು? ಸೈ ಯಂಗ್ ಪ್ರಶಸ್ತಿಗೆ ಮತ ಹಾಕುವ ಪತ್ರಕರ್ತರು ಗೆಲುವಿನ ಸಂಖ್ಯೆ ಬಿಟ್ಟು ಇದನ್ನು ನೋಡಿದ್ದು ಒಳ್ಳೆಯದೇ ಆಯಿತು.

ಹ್ಯಾಲಡೆ ಎರಡನೇ ಸಲ ಏನು ಮಾಡಿದರು?

ಅಕ್ಟೋಬರ್ 6, ಸಿನ್ಸಿನಾಟಿ ವಿರುದ್ಧ. ಅವರ ಜೀವನದ ಮೊದಲ ಪ್ಲೇಆಫ್ ಪಂದ್ಯ. ನೋ-ಹಿಟ್ಟರ್! ಪ್ಲೇಆಫ್ ಇತಿಹಾಸದಲ್ಲಿ ಅದಕ್ಕೂ ಮುಂಚೆ ಒಬ್ಬರೇ, 1956ರಲ್ಲಿ ಡಾನ್ ಲಾರ್ಸನ್. ಕೊನೆಯ ಬ್ಯಾಟರ್ ಹೊಡೆದ ಚೆಂಡು ಪ್ಲೇಟ್ ಎದುರಿಗೇ ಉರುಳಿ, ಬಿದ್ದಿದ್ದ ಬ್ಯಾಟ್ ಪಕ್ಕ ನಿಂತಿತು. ಕ್ಯಾಚರ್ ಕಾರ್ಲೋಸ್ ರೂಯಿಸ್ ಮಂಡಿ ಊರಿಕೊಂಡೇ ಎತ್ತಿ ಎಸೆದರು, ಔಟ್. ಹ್ಯಾಲಡೆ 2017ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕೊನೆಗೆ ಗೆದ್ದವರು ಯಾರು?

ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್. ಟೆಕ್ಸಸ್ ರೇಂಜರ್ಸ್ ವಿರುದ್ಧ 4-1. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಆ ಊರಿಗೆ ಬಂದ ಮೇಲೆ ಮೊದಲ ವರ್ಲ್ಡ್ ಸೀರೀಸ್ ಗೆಲುವು.

ನಮ್ಮ ದೇಶದವರು ಯಾರಾದರೂ ಆಗ ಆಡುತ್ತಿದ್ದರಾ?

ಮೇಜರ್ ಲೀಗ್‌ನಲ್ಲಿ ಇಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡು ಕೆಳಗಿನ ಲೀಗ್‌ಗಳಲ್ಲಿ ಪಿಚ್ ಮಾಡುತ್ತಿದ್ದರು.

ಜಾಯ್ಸ್ ಕಥೆ ಕೇಳಿದಾಗ ನಮ್ಮವರಿಗೆ ಸಿಡ್ನಿ ಟೆಸ್ಟ್ ಯಾಕೆ ನೆನಪಾಗುತ್ತದೆ?

2008ರ ಜನವರಿಯ ಗಾಯ ಇನ್ನೂ ಮಾಗಿಲ್ಲ. ಆಂಡ್ರ್ಯೂ ಸೈಮಂಡ್ಸ್ 30ರಲ್ಲಿ ಔಟ್ ಆಗಬೇಕಿತ್ತು, 162 ಹೊಡೆದು ಉಳಿದರು. ಕೊನೆಯ ದಿನ ರಾಹುಲ್ ದ್ರಾವಿಡ್ ಬ್ಯಾಟಿಗೆ ತಾಗದ ಚೆಂಡಿಗೆ ಕ್ಯಾಚ್ ಔಟ್ ಕೊಟ್ಟರು. ಒಂದೇ ತಂಡ ಆಟದ ಘನತೆಯಿಂದ ಆಡಿತು ಅಂತ ನಾಯಕ ಕುಂಬ್ಳೆ ಹೇಳಿದ ಮಾತು ಪ್ರತಿ ಮನೆಯಲ್ಲೂ ಕೇಳಿಸಿತು. ಭಾರತದ ದೂರಿನ ಮೇಲೆ ಸ್ಟೀವ್ ಬಕ್ನರ್ ಅವರನ್ನು ಪರ್ತ್ ಟೆಸ್ಟಿನಿಂದ ಕೈಬಿಟ್ಟರು. ಕೋಟ್ಲಾದಲ್ಲಿ ಕುಂಬ್ಳೆ ಹತ್ತು ವಿಕೆಟ್ ಪಡೆದಾಗ ಇನ್ನೊಂದು ತುದಿಯ ಅಂಪೈರ್ ಕೂಡ ಇದೇ ಬಕ್ನರ್.

ಬಕ್ನರ್ ಆ ಪಂದ್ಯದಲ್ಲಿ ಎರಡು ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ್ದು 2020ರಲ್ಲಿ. 12 ವರ್ಷದ ಮೇಲೆ. ಕ್ರಿಕೆಟ್‌ನಲ್ಲಿ ಅಂಪೈರ್‌ಗಳು ಪಂದ್ಯದ ನಂತರ ಪತ್ರಕರ್ತರ ಜೊತೆ ಮಾತಾಡುವ ರೂಢಿ ಇಲ್ಲ, ಆದ್ದರಿಂದ ಅವರೊಬ್ಬರನ್ನೇ ದೂರುವುದೂ ಸರಿಯಲ್ಲ. ಆದರೆ ಅವರು ಸಿಡ್ನಿಯಲ್ಲೇ, ಅವತ್ತೇ ಹೇಳಿದ್ದರೆ ನಮ್ಮ ಜನರ ಸಿಟ್ಟು ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಜಾಯ್ಸ್ ಮತ್ತು ಗಲರಾಗ ಆಮೇಲೆ ಏನಾದರು?

ಗಲರಾಗ ಮಾರನೇ ವರ್ಷ ಅರಿಜೋನಾ ತಂಡಕ್ಕೆ ಹೋದರು. ಆಮೇಲೆ ಜಾಸ್ತಿ ಆಡಲಿಲ್ಲ. ಇಬ್ಬರೂ ಗೆಳೆಯರಾದರು, ಸೇರಿ ಒಂದು ಪುಸ್ತಕವನ್ನೂ ತಂದರು. ಜಾಯ್ಸ್ 2016ರವರೆಗೂ ಅಂಪೈರ್ ಆಗಿದ್ದರು. 2012ರ ಆಗಸ್ಟಿನಲ್ಲಿ ಫೀನಿಕ್ಸ್ ಸ್ಟೇಡಿಯಂನಲ್ಲಿ ಕುಸಿದು ಬಿದ್ದ ಮಹಿಳಾ ನೌಕರರೊಬ್ಬರ ಎದೆ ಒತ್ತಿ ಜೀವ ಉಳಿಸಿದರು. 2013ರ ವರ್ಲ್ಡ್ ಸೀರೀಸ್ ಮೂರನೇ ಪಂದ್ಯದ ಕೊನೆಯ ಕ್ಷಣದಲ್ಲಿ ರನ್ನರ್‌ಗೆ ಫೀಲ್ಡರ್ ಅಡ್ಡಿ ಮಾಡಿದ ಅಂತ ತೀರ್ಪು ಕೊಟ್ಟವರೂ ಅವರೇ. ಅದರಿಂದಲೇ ಪಂದ್ಯ ಮುಗಿಯಿತು. ಆ ತೀರ್ಪು ಸರಿಯಾಗಿತ್ತು. ಮೂರು ವರ್ಷದ ಹಿಂದೆ ಇಡೀ ದೇಶದೆದುರು ತಪ್ಪು ಮಾಡಿದ ಮನುಷ್ಯ ಅಷ್ಟು ದೊಡ್ಡ ಪಂದ್ಯದಲ್ಲಿ ಹೆದರದೆ ಕೈ ಎತ್ತಿದ್ದು ಸಣ್ಣ ಮಾತಲ್ಲ.

ಇವತ್ತು ಅಂಥ ತಪ್ಪು ಆಗಲು ಸಾಧ್ಯವಾ?

ಬೇಸ್ ಮೇಲಿನ ಔಟ್-ಸೇಫ್ ವಿಚಾರದಲ್ಲಿ ಹಾಗೇ ಉಳಿಯುವುದಿಲ್ಲ. 2010ರಲ್ಲಿ ರಿಪ್ಲೇ ನೋಡಲು ಅವಕಾಶ ಇದ್ದಿದ್ದು ಹೋಮ್ ರನ್ ಗಡಿ ದಾಟಿತೋ ಇಲ್ಲವೋ ಅನ್ನುವುದಕ್ಕೆ ಮಾತ್ರ, ಅದೂ 2008ರಿಂದ. 2014ರಲ್ಲಿ ಮ್ಯಾನೇಜರ್‌ಗಳಿಗೆ ಚಾಲೆಂಜ್ ಮಾಡುವ ಹಕ್ಕು ಬಂತು. ನ್ಯೂಯಾರ್ಕಿನ ಒಂದು ಕೇಂದ್ರದಲ್ಲಿ ಕೂತ ಅಂಪೈರ್‌ಗಳು ಎಲ್ಲ ಕೋನದಿಂದ ನೋಡಿ ಹೇಳುತ್ತಾರೆ. ಡೊನಾಲ್ಡ್ ಓಟ ಇವತ್ತಾಗಿದ್ದರೆ ಒಂದೆರಡು ನಿಮಿಷದಲ್ಲಿ ಔಟ್ ಅಂತ ಬರುತ್ತಿತ್ತು.

ಸ್ಟ್ರೈಕ್-ಬಾಲ್ ತೀರ್ಪು, ಅಂದರೆ ಎಸೆತ ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ ಅನ್ನುವುದನ್ನು ಮಾತ್ರ ಬಹಳ ಕಾಲ ಅಂಪೈರ್ ಕಣ್ಣಿಗೇ ಬಿಟ್ಟಿದ್ದರು. 2026ರ ಸೀಸನ್ನಿಗೆ ಅದಕ್ಕೂ ಚಾಲೆಂಜ್ ತರಲು ಲೀಗ್ 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಅದು ಉಳಿಯುತ್ತದೆ. ಕೇಳುವ ಹಕ್ಕು ಪಿಚರ್, ಕ್ಯಾಚರ್, ಬ್ಯಾಟರ್ ಮೂವರಿಗೆ ಮಾತ್ರ. ಟೋಪಿ ಅಥವಾ ಹೆಲ್ಮೆಟ್ ತಟ್ಟಿ ತಕ್ಷಣ ಕೇಳಬೇಕು, ಡಗ್‌ಔಟ್‌ನಿಂದ ಸನ್ನೆ ಮಾಡುವ ಹಾಗಿಲ್ಲ. ಉತ್ತರ ಸ್ಟೇಡಿಯಂನ ದೊಡ್ಡ ಪರದೆ ಮೇಲೆ ಬರುತ್ತದೆ, ಪ್ರೇಕ್ಷಕರಿಗೂ ಅಂಪೈರ್‌ಗೂ ಒಟ್ಟಿಗೇ.